ಹಳೆಯ ಗ್ರಾಫೈಟ್ ನೆಕ್ ಬೇಸ್ ಗಿಟಾರ್ ಕೊಳ್ಳುತ್ತೀರಾ? ಮೊದಲು ನೆಕ್ ನೋಡಿ

ಉಡುಪಿಯಲ್ಲಿ ನಾನು ಮೊದಲು ನುಡಿಸಿದ್ದು ಮರದ ನೆಕ್ (ತಂತಿ ಒತ್ತಿ ನುಡಿಸುವ ಉದ್ದನೆಯ ಭಾಗ) ಇದ್ದ ಬೇಸ್. ಬೇಸಿಗೆಯಲ್ಲಿ ಚೆನ್ನಾಗಿರುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ತಂತಿಗಳು ಮೇಲೆದ್ದು, ಬೆರಳು ನೋಯುವಷ್ಟು ಒತ್ತಬೇಕಾಗುತ್ತಿತ್ತು. ಡಬ್ಬದಿಂದ ಹೊರಗೆ ಇಟ್ಟ ಹಪ್ಪಳ ಮೆತ್ತಗಾಗುತ್ತದಲ್ವಾ, ಹಾಗೇ ಮರವೂ ತೇವ ಕುಡಿದು ಬಾಗುತ್ತದೆ. ಆಷಾಢದಲ್ಲಿ ಅಲೆನ್ ಕೀ ಹಿಡಿದು ನೆಕ್ ಒಳಗಿನ ಟ್ರಸ್ ರಾಡ್ (ಬಾಗು ಸರಿ ಮಾಡಲು ಇರುವ ಸರಳು) ಬಿಗಿ ಮಾಡುವುದು, ದೀಪಾವಳಿ ಹೊತ್ತಿಗೆ ಮತ್ತೆ ಸಡಿಲ ಮಾಡುವುದು. ವರ್ಷಾವರ್ಷ ಇದೇ ಕೆಲಸ.

ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಬಂದ ಮೇಲೆ ಗ್ರಾಫೈಟ್ ನೆಕ್ ಮೊದಲ ಸಲ ಕೈಗೆ ಸಿಕ್ಕಿತು. ಆಮೇಲೆ ಮರಕ್ಕೆ ವಾಪಸ್ ಹೋಗಲಿಲ್ಲ. ಆದರೆ ಮೊದಲು ಕೊಂಡದ್ದು ಪೂರ್ತಿ ನಷ್ಟವಾಯಿತು. ಅದರಿಂದ ಕಲಿತದ್ದನ್ನೂ, ಆಮೇಲೆ ಹತ್ತಾರು ಬೇಸ್ ನೋಡಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದ ವಿಷಯ ಇದು. ಹಳೆಯ ಗ್ರಾಫೈಟ್ ನೆಕ್‌ಗಳಲ್ಲಿ ಹೆಚ್ಚಿನವಕ್ಕೆ ಟ್ರಸ್ ರಾಡ್ ಇಲ್ಲ. ನೆಕ್ ಸರಿಯಾಗಿದ್ದರೆ ಜೀವಮಾನ ಪೂರ್ತಿ ಹಾಗೇ ಇರುತ್ತದೆ. ತಪ್ಪಾಗಿದ್ದರೆ ಅದೂ ಹಾಗೇ ಇರುತ್ತದೆ, ತಿರುಗಿಸಿ ಸರಿ ಮಾಡಲು ಅಲ್ಲಿ ಏನೂ ಇಲ್ಲ. ಪಿಕಪ್ (ತಂತಿಯ ದನಿ ಹಿಡಿಯುವ ಭಾಗ), ವೈರಿಂಗ್, ಬ್ರಿಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ), ಬಣ್ಣ ಎಲ್ಲಕ್ಕೂ ಏನಾದರೂ ದಾರಿ ಇದೆ. ನೆಕ್‌ಗೆ ಮಾತ್ರ ತುಂಬ ಕಷ್ಟ.

ಯಾವುದನ್ನು ಗ್ರಾಫೈಟ್ ನೆಕ್ ಅಂತಾರೆ?

ಹೆಸರು ಗ್ರಾಫೈಟ್ ಅಂತಿದ್ದರೂ ವಸ್ತು ಪೆನ್ಸಿಲ್‌ನ ಕಡ್ಡಿ ಅಲ್ಲ. ಕಾರ್ಬನ್ ಎಳೆಗಳನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ, ಅಚ್ಚಿನಲ್ಲಿಟ್ಟು ಗಟ್ಟಿ ಮಾಡಿದ್ದು. ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೊದಲ್ಲಿ ಉಪಗ್ರಹ ಮಾಡುವ ಕಂಪನಿಯಲ್ಲಿದ್ದ ಎಂಜಿನಿಯರ್ ಜೆಫ್ ಗೌಲ್ಡ್‌ಗೆ ಈ ವಸ್ತುವಿನಿಂದ ಬೇಸ್ ನೆಕ್ ಮಾಡಬಹುದಲ್ವಾ ಎಂಬ ಯೋಚನೆ ಬಂತು. ಅಲೆಂಬಿಕ್ ಕಂಪನಿಯ ರಿಕ್ ಟರ್ನರ್ ಜೊತೆ ಸೇರಿ ಅದನ್ನು ಮಾಡಿಯೂ ತೋರಿಸಿದರು. 1977ರಲ್ಲಿ ಪ್ರದರ್ಶನಕ್ಕಿಟ್ಟ ಆ ಮೊದಲ ಬೇಸ್ ಕೊಂಡವರು ಫ್ಲೀಟ್‌ವುಡ್ ಮ್ಯಾಕ್ ತಂಡದ ಜಾನ್ ಮೆಕ್‌ವೀ. ಮುಂದಿನ ವರ್ಷ ಗೌಲ್ಡ್ ಮಾಡ್ಯುಲಸ್ ಗ್ರಾಫೈಟ್ ಕಂಪನಿ ಶುರು ಮಾಡಿದರು. ಅದೇ ಹೊತ್ತಿಗೆ ಅತ್ತ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ನೆಡ್ ಸ್ಟೈನ್‌ಬರ್ಗರ್ ನೆಕ್ ತುದಿಯಲ್ಲಿ ಟ್ಯೂನ್ ಮಾಡುವ ತಲೆಯೇ ಇಲ್ಲದ, ನೆಕ್ಕೂ ಬಾಡಿಯೂ ಇದೇ ವಸ್ತುವಿನಲ್ಲಿ ಎರಕವಾದ ಬೇಸ್ ಮಾಡುತ್ತಿದ್ದರು. ಎಲ್2, ಎಕ್ಸ್‌ಎಲ್2 ಅಂದರೆ ಅವೇ. ಬೇಸ್ ವಾದಕರಾದ ಟೋನಿ ಲೆವಿನ್, ಗೆಡ್ಡಿ ಲೀ ಅವರ ಕೈಯಲ್ಲಿ ನೋಡಿರುತ್ತೀರಿ. ಇಂಗ್ಲೆಂಡಿನಲ್ಲಿ ರಾಬ್ ಗ್ರೀನ್ ಅವರ ಸ್ಟೇಟಸ್ ಕಂಪನಿ ಇತ್ತು. ಲೆವೆಲ್ 42 ತಂಡದ ಮಾರ್ಕ್ ಕಿಂಗ್ ನುಡಿಸಿ ಅದು ಹೆಸರಾಯಿತು. ಕ್ಯಾಲಿಫೋರ್ನಿಯಾದ್ದೇ ಇನ್ನೊಂದು ಝಾನ್.

ಮಾರಾಟದ ಜಾಹೀರಾತಿನಲ್ಲಿ ಎಲ್ಲವನ್ನೂ "ಗ್ರಾಫೈಟ್" ಅಂತಲೇ ಬರೆದಿರುತ್ತಾರೆ. ನೀವು ಬಿಡಿಸಿ ನೋಡಿಕೊಳ್ಳಬೇಕು. ಎಲ್2, ಎಕ್ಸ್‌ಎಲ್2 ತರಹ ಇಡೀ ವಾದ್ಯವೇ ಎರಕ ಆಗಿರಬಹುದು. ಮಾಡ್ಯುಲಸ್, ಝಾನ್‌ನಲ್ಲಿ ಬಾಡಿ ಮರದ್ದು, ನೆಕ್ ಮಾತ್ರ ಗ್ರಾಫೈಟ್. ಮ್ಯೂಸಿಕ್ ಮ್ಯಾನ್ 1980ರ ದಶಕದ ಮೊದಲಲ್ಲಿ ಮಾಡಿದ ಕಟ್ಲಸ್ ಬೇಸ್ ಕೂಡ ಹೀಗೇ, ಅದರ ನೆಕ್ ಮಾಡಿಕೊಟ್ಟದ್ದು ಮಾಡ್ಯುಲಸ್. ಮೂರನೆಯದು, ಮರದ ನೆಕ್ ಒಳಗೆ ಎರಡು ಗ್ರಾಫೈಟ್ ಪಟ್ಟಿ ಹುದುಗಿಸಿದ್ದು. ಒಳ್ಳೆಯ ನೆಕ್ಕೇ, ಆದರೆ ಅದು ಮರದ ನೆಕ್, ಬೆಲೆಯೂ ಮರದ ಬೆಲೆ ಆಗಿರಬೇಕು.

ಜಾಸ್ತಿ ಜನ ಎಡವುವುದು ತಲೆ ಇಲ್ಲದ ಬೇಸ್‌ಗಳಲ್ಲಿ. ಹೋನರ್ ಬಿ2 ನೋಡಲು ಥೇಟ್ ಸ್ಟೈನ್‌ಬರ್ಗರ್. ಅದರ ಮೇಲೆ ಸ್ಟೈನ್‌ಬರ್ಗರ್ ಪರವಾನಗಿ ಅಂತ ಅಚ್ಚೂ ಇರುತ್ತದೆ. ಸುಳ್ಳಲ್ಲ, ಪರವಾನಗಿ ಪಡೆದೇ ಮಾಡಿದ್ದು. ಆದರೆ ನೆಕ್ ಮರದ್ದು. ಆಮೇಲೆ ಬಂದ ಸ್ಟೈನ್‌ಬರ್ಗರ್ ಸ್ಪಿರಿಟ್ ಸಾಲಿನ ಬೇಸ್‌ಗಳೂ ಅಷ್ಟೇ, ಹೆಸರು ಸ್ಟೈನ್‌ಬರ್ಗರ್, ನೆಕ್ ಮರ. ಇವು ಕೆಟ್ಟ ವಾದ್ಯ ಅಲ್ಲ. ನೀವು ಹುಡುಕುತ್ತಿರುವುದು ಮಾತ್ರ ಅವನ್ನಲ್ಲ. ನೆಕ್ ಹಿಂಭಾಗಕ್ಕೆ ಟಾರ್ಚ್ ಓರೆಯಾಗಿ ಹಿಡಿಯಿರಿ. ಬಣ್ಣ ಏಟು ತಿಂದು ಎದ್ದ ಜಾಗದಲ್ಲಿ ಮರದ ಬಿಳಿ ಬಣ್ಣ ಕಂಡರೆ ಅಲ್ಲಿಗೆ ಮುಗಿಯಿತು. ಕ್ರೇಮರ್, ಟ್ರಾವಿಸ್ ಬೀನ್ ಕಂಪನಿಗಳ ಹಳೆಯ ಬೇಸ್‌ಗಳನ್ನೂ ಇದೇ ಗುಂಪಿಗೆ ಸೇರಿಸಿ ಮಾರುವವರಿದ್ದಾರೆ. ಅವುಗಳದ್ದು ಅಲ್ಯೂಮಿನಿಯಂ ನೆಕ್.

ಹೋಗುವ ಮೊದಲು ಫೋನ್‌ನಲ್ಲೇ ಕೇಳಿ

ಸುಮ್ನೆ ನೂರು ಮೈಲಿ ಕಾರು ಓಡಿಸಿ ಹೋಗಿ ನಿರಾಸೆ ಪಡಬೇಡಿ. ಮೊದಲ ಪ್ರಶ್ನೆ: "ಈಗ ಹಾಕಿರುವ ತಂತಿ ಯಾವ ಗೇಜ್?" ಗೇಜ್ ಅಂದರೆ ತಂತಿಯ ದಪ್ಪ. ಮಾರುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಟ್ರಸ್ ರಾಡ್ ಇಲ್ಲದ ನೆಕ್ ಒಂದು ಲೆಕ್ಕದ ಎಳೆತಕ್ಕೆ ಹೊಂದಿಸಿ ಮಾಡಿದ್ದು. ತೀರಾ ತೆಳು ತಂತಿ ಹಾಕಿದ್ದರೆ ಎಳೆತ ಸಾಲದೆ ನೆಕ್ ಹಿಂದಕ್ಕೆ ಬಾಗಿದ ಹಾಗೆ ಕಾಣಬಹುದು. ಒಳ್ಳೆಯ ನೆಕ್ಕೂ ಕೆಟ್ಟದ್ದಾಗಿ ಕಾಣುವುದು ಇಲ್ಲಿ.

ಎರಡನೆಯದು, ಒಂದು ವಿಡಿಯೊ. ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಒಂದೊಂದಾಗಿ, ನಿಧಾನವಾಗಿ ನುಡಿಸಿ ಕಳಿಸಲು ಹೇಳಿ. ಹಾಡು ಬೇಡ. ಎಷ್ಟು ಚೆನ್ನಾಗಿ ನುಡಿಸಿದರೂ ಹಾಡಿನಲ್ಲಿ ಕೆಟ್ಟ ಫ್ರೆಟ್ ಅಡಗಿಬಿಡುತ್ತದೆ. ಫೋಟೊಗಳಲ್ಲಿ ಬೇಕಾದವು: ಬ್ಯಾಟರಿ ಇಡುವ ಜಾಗ, ನೆಕ್ ಬಾಡಿಗೆ ಸೇರುವ ಜಾಗ ಹಿಂದಿನಿಂದ, ಸೀರಿಯಲ್ ನಂಬರ್, ಬ್ರಿಜ್ ಹತ್ತಿರದಿಂದ. ಇಷ್ಟಕ್ಕೇ ಬೇಸರ ಮಾಡಿಕೊಳ್ಳುವವರ ಹತ್ತಿರ ಕೊಳ್ಳದಿರುವುದು ವಾಸಿ.

ಜೊತೆಗೆ ಏನು ಒಯ್ಯಬೇಕು? ಕೇಪೊ (ತಂತಿಗಳನ್ನು ನೆಕ್ ಮೇಲೆ ಒತ್ತಿ ಹಿಡಿಯುವ ಕ್ಲಿಪ್), ಟ್ಯೂನರ್, ಹೊಸ 9 ವೋಲ್ಟ್ ಬ್ಯಾಟರಿ, ಕೇಬಲ್, ಹೆಡ್‌ಫೋನ್ ಹಾಕುವ ಚಿಕ್ಕ ಆಂಪ್, ಟಾರ್ಚ್. ಅಮೆರಿಕದ ವಾದ್ಯವಾದರೆ ಇಂಚಿನ ಅಳತೆಯ ಅಲೆನ್ ಕೀ ಸೆಟ್. ಮಿಲಿಮೀಟರ್ ಕೀ ತುರುಕಿದರೆ ಸ್ಕ್ರೂ ತಲೆ ಸವೆದು ಹೋಗುತ್ತದೆ, ಹಾಗೆ ಸವೆದದ್ದನ್ನು ಎಷ್ಟೋ ಕಂಡಿದ್ದೇನೆ. .045ರಿಂದ .105 ಇಂಚಿನ ಒಂದು ಹೊಸ ತಂತಿ ಸೆಟ್. ಮತ್ತೆ ಒಂದು ಫಿಲ್ಲರ್ ಗೇಜ್. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡಲು ಇಟ್ಟುಕೊಂಡಿರುತ್ತಾರಲ್ಲ, ಬೀಸಣಿಗೆ ತರಹ ಬಿಚ್ಚಿಕೊಳ್ಳುವ ತೆಳು ಉಕ್ಕಿನ ಪಟ್ಟಿಗಳು, ಅದೇ. ಇಡೀ ಪಟ್ಟಿಯಲ್ಲಿ ನಿಮ್ಮ ದುಡ್ಡು ಉಳಿಸುವ ಸಾಮಾನು ಅದು.

ನೆಕ್ ಪರೀಕ್ಷೆ: ಅರ್ಧ ಗಂಟೆ ಇದಕ್ಕೇ ಇಡಿ

ಆಂಪ್‌ಗೆ ಹಾಕುವ ಮೊದಲೇ ಇದನ್ನು ಮಾಡಿ. ದನಿ ಕೇಳಿ ಮನಸ್ಸು ಸೋತ ಮೇಲೆ ಕಣ್ಣು ಸರಿಯಾಗಿ ನೋಡುವುದಿಲ್ಲ. ನನಗೆ ಆದದ್ದು ಅದೇ. ಮೊದಲ ಬೇಸ್‌ನ ದನಿಗೆ ಮರುಳಾಗಿ ದುಡ್ಡು ಕೊಟ್ಟು ಮನೆಗೆ ತಂದೆ. ಮಾರಿದವರು ತಂತಿಗಳನ್ನು ಎತ್ತರಕ್ಕೆ ಏರಿಸಿ ಇಟ್ಟಿದ್ದರು. ಇಳಿಸಿದ ಕೂಡಲೇ ಮೊದಲ ಐದು ಫ್ರೆಟ್‌ಗಳಲ್ಲಿ ಬರೀ ಕರಕರ ಸದ್ದು. ನೆಕ್ ಹಿಂದಕ್ಕೆ ಬಾಗಿತ್ತು. ತಿರುಗಿಸಲು ಟ್ರಸ್ ರಾಡ್ ಇರಲಿಲ್ಲ.

ಮೊದಲು ಸರಿಯಾದ ಶ್ರುತಿಗೆ ಟ್ಯೂನ್ ಮಾಡಿ. ಸಡಿಲ ತಂತಿಯಲ್ಲಿ ಅಳೆದರೆ ಅರ್ಥ ಇಲ್ಲ. ಆಮೇಲೆ ವಾದ್ಯವನ್ನು ಎತ್ತಿ, ಬ್ರಿಜ್ ಕಡೆಯಿಂದ ನೆಕ್ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಬಡಗಿ ಹಲಗೆಯ ಓರೆ ನೋಡುವ ಹಾಗೆ. ಫ್ರೆಟ್‌ಗಳು ರೈಲು ಹಳಿಯ ಅಡ್ಡಪಟ್ಟಿಗಳ ತರಹ ಒಂದರ ಹಿಂದೆ ಒಂದು ಸಮಾನಾಂತರ ಕಾಣಬೇಕು. ಮೊದಲ ಫ್ರೆಟ್ ಒಂದು ಕಡೆ ವಾಲಿ, ಕೊನೆಯದು ಇನ್ನೊಂದು ಕಡೆ ವಾಲಿದ್ದರೆ ನೆಕ್ ತಿರುಚಿದೆ. ಬೆಲೆ ಎಷ್ಟೇ ಇಳಿಸಿದರೂ ಬೇಡ.

ಈಗ ಅಳತೆ. ಮೊದಲ ಫ್ರೆಟ್‌ಗೆ ಕೇಪೊ ಹಾಕಿ. ಬಲಗೈಯಿಂದ ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಈಗ ತಂತಿಯೇ ಒಂದು ನೇರ ಗೆರೆ. ಏಳನೇ ಫ್ರೆಟ್ ಹತ್ತಿರ ತಂತಿಯ ಕೆಳಭಾಗಕ್ಕೂ ಫ್ರೆಟ್‌ಗೂ ನಡುವೆ ಸಣ್ಣ ಸಂದು ಇರಬೇಕು. ಅದಕ್ಕೆ ರಿಲೀಫ್ ಅಂತಾರೆ. ಫಿಲ್ಲರ್ ಗೇಜ್‌ನ 0.25 ಮಿ.ಮೀ. ಪಟ್ಟಿ ತೂರಿಸಿ ನೋಡಿ. ತಂತಿ ಅಲುಗದೆ ಪಟ್ಟಿ ಜಾರಿ ಹೋಗಬೇಕು. ಆಮೇಲೆ 0.30, 0.35, 0.40. ಯಾವ ಪಟ್ಟಿಗೆ ತಂತಿ ಸ್ವಲ್ಪ ಎದ್ದಿತೋ ಅಲ್ಲಿಗೆ ನಿಲ್ಲಿಸಿ. 0.20ರಿಂದ 0.40ರ ಒಳಗೆ ಬಂದರೆ ಖುಷಿಪಡಿ. ತೆಳು ತಂತಿಯಲ್ಲೂ ಇದೇ ಪರೀಕ್ಷೆ ಮಾಡಿ. ಎರಡರ ನಡುವೆ ತುಂಬ ವ್ಯತ್ಯಾಸ ಬಂದರೆ ಕಣ್ಣಿಗೆ ಕಾಣದ ತಿರುಚು ಇದೆ ಅಂತ.

ಸಂದೇ ಇಲ್ಲದೆ ತಂತಿ ಫ್ರೆಟ್ ಮೇಲೆ ಕೂತಿದ್ದರೆ? ತಕ್ಷಣ ಎದ್ದು ಹೊರಡಬೇಡಿ. ಹಾಕಿರುವುದು ತೆಳು ಗೇಜ್ ಆಗಿದ್ದರೆ ಮಾಲೀಕರ ಒಪ್ಪಿಗೆ ಕೇಳಿ ನೀವು ತಂದ ಸೆಟ್ ಹಾಕಿ ಮತ್ತೆ ಅಳೆಯಿರಿ. ಗ್ರಾಫೈಟ್ ತುಂಬ ಬಿರುಸು, ತಂತಿ ಬದಲಿಸಿದರೆ ಸಿಗುವ ವ್ಯತ್ಯಾಸ ಸ್ವಲ್ಪವೇ, ಆದರೆ ಬೇಕಾಗಿರುವುದೂ ಸ್ವಲ್ಪವೇ. ದಪ್ಪ ತಂತಿ ಹಾಕಿದರೂ ಸಂದು ಬರದಿದ್ದರೆ ಇರುವುದು ಒಂದೇ ದಾರಿ. ನುರಿತ ರಿಪೇರಿಯವರು ಫ್ರೆಟ್‌ಗಳನ್ನೇ ಏರಿಳಿತ ಮಾಡಿ ಉಜ್ಜಿ ರಿಲೀಫ್ ಕಡೆದು ತೆಗೆಯುವುದು. ಅದಕ್ಕೆ ಫ್ರೆಟ್‌ನಲ್ಲಿ ಎತ್ತರ ಉಳಿದಿರಬೇಕು, ಖರ್ಚೂ ಚೆನ್ನಾಗಿ ಬರುತ್ತದೆ.

ಮಾಡ್ಯುಲಸ್ 1990ರ ದಶಕದ ನಡುವಿನಿಂದ ಗ್ರಾಫೈಟ್ ನೆಕ್‌ಗೂ ಟ್ರಸ್ ರಾಡ್ ಹಾಕಲು ಶುರು ಮಾಡಿತು. ಮೊದಲ ಬಾರಿ ಕೊಳ್ಳುವವರಿಗೆ, ಬೇಸ್‌ನ ವಯಸ್ಸು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವವರಿಗೆ, ನಾನು ಇದನ್ನೇ ಹೇಳುತ್ತೇನೆ. ಅಂಥದ್ದು ಸಿಕ್ಕರೆ ಟ್ರಸ್ ರಾಡ್ ಎರಡೂ ಕಡೆ ಕಾಲು ಸುತ್ತು ಸಲೀಸಾಗಿ ತಿರುಗುತ್ತದಾ ಅಂತ ಮಾಲೀಕರ ಕೈಯಲ್ಲೇ ತಿರುಗಿಸಿ ನೋಡಿ.

ಇನ್ನು ಡೆಡ್ ಸ್ಪಾಟ್. ಮರದ ಬೇಸ್‌ನಲ್ಲಿ ತೆಳು ತಂತಿಯ ಐದರಿಂದ ಏಳನೇ ಫ್ರೆಟ್ ಸುತ್ತ ಒಂದು ಸ್ವರ ಬೇಗ ಸಾಯುತ್ತದೆ. ಆ ಸ್ವರಕ್ಕೆ ನೆಕ್ಕೇ ನಡುಗಿ ತಂತಿಯ ಶಕ್ತಿ ತಿಂದುಬಿಡುವುದರಿಂದ ಹೀಗಾಗುತ್ತದೆ. ಗ್ರಾಫೈಟ್ ಹಗುರ, ಬಿರುಸು. ಹಾಗಾಗಿ ಈ ತೊಂದರೆ ತುಂಬ ಕಡಿಮೆ. ಪ್ರತಿ ಸ್ವರ ಮೀಟಿ ಮನಸ್ಸಿನಲ್ಲೇ ಹತ್ತು ಎಣಿಸಿ. ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತು ಮೊಳಗಬೇಕು. ಒಂದು ಸ್ವರ ಮಾತ್ರ ಮೂರಕ್ಕೇ ನಿಂತರೆ ಅಲ್ಲಿ ಫ್ರೆಟ್ ಎದ್ದಿದೆಯಾ, ಫ್ರೆಟ್‌ಬೋರ್ಡ್ (ಫ್ರೆಟ್‌ಗಳು ಕೂತಿರುವ ಹಲಗೆ) ಅಂಟು ಬಿಟ್ಟಿದೆಯಾ ನೋಡಿ. ಉಗುರಿನಿಂದ ಫ್ರೆಟ್‌ಬೋರ್ಡ್ ಉದ್ದಕ್ಕೂ ತಟ್ಟುತ್ತಾ ಹೋಗಿ. ತೆಂಗಿನಕಾಯಿ ತಟ್ಟಿ ನೋಡಿ ಅಭ್ಯಾಸ ಇರುವವರಿಗೆ ಪೊಳ್ಳು ಸದ್ದು ಎಲ್ಲಿ ಬದಲಾಯಿತು ಅಂತ ಕೂಡಲೇ ಗೊತ್ತಾಗುತ್ತದೆ.

ಫ್ರೆಟ್, ಫ್ರೆಟ್‌ಬೋರ್ಡ್

ಸ್ಟೈನ್‌ಬರ್ಗರ್‌ನಲ್ಲೂ ಎಷ್ಟೋ ಮಾಡ್ಯುಲಸ್‌ಗಳಲ್ಲೂ ಫ್ರೆಟ್‌ಬೋರ್ಡ್ ಫೀನಾಲಿಕ್. ಕಾಗದ ಅಥವಾ ಬಟ್ಟೆಯನ್ನು ರಾಳದಲ್ಲಿ ಅದ್ದಿ ಬಿಸಿ ಮಾಡಿ ಒತ್ತಿದ ಹಲಗೆ ಇದು. ಗಟ್ಟಿ, ಸವೆಯುವುದು ಕಡಿಮೆ. ಆದರೆ ಹಳೆಯ ಫ್ರೆಟ್ ಕೀಳುವಾಗ ಚಕ್ಕೆ ಏಳುತ್ತದೆ. ಮರದ ಬೋರ್ಡ್‌ಗೆ ಫ್ರೆಟ್ ಹಾಕಿ ಪಳಗಿದವರೆಲ್ಲ ಇದನ್ನು ಮಾಡಲಾರರು. ಆದ್ದರಿಂದ ಫ್ರೆಟ್ ಎತ್ತರ ಮುಖ್ಯ. ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಉಳಿದಿದ್ದರೆ ಹೊಸ ಫ್ರೆಟ್ ಖರ್ಚನ್ನು ಬೆಲೆಯಲ್ಲಿ ಕಳೆಯಲೇಬೇಕು.

ಗ್ರಾಫೈಟ್ ನೆಕ್ ಮೇಲೆ ಮರದ ಫ್ರೆಟ್‌ಬೋರ್ಡ್ ಇದ್ದರೆ ಇನ್ನೊಂದು ನೋಡಿ. ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಕೆಳಗಿನ ಗ್ರಾಫೈಟ್ ಅಲುಗುವುದಿಲ್ಲ. ಬೆರಳನ್ನು ನೆಕ್ ಅಂಚಿನಲ್ಲಿ ಜಾರಿಸಿದಾಗ ಫ್ರೆಟ್ ತುದಿ ಚುಚ್ಚಿದರೆ ಮರ ಒಣಗಿ ಕುಗ್ಗಿದೆ ಅಂತ ಅರ್ಥ. ಅದು ಸಣ್ಣ ಕೆಲಸ. ಎರಡರ ನಡುವಿನ ಅಂಟಿನ ಗೆರೆಯಲ್ಲಿ ಕಾಗದ ತೂರುವಷ್ಟು ಬಿರುಕು ಕಂಡರೆ ಸಣ್ಣ ಕೆಲಸ ಅಲ್ಲ.

ಬ್ರಿಜ್, ಟ್ಯೂನರ್, ತಂತಿ

ಸ್ಟೈನ್‌ಬರ್ಗರ್‌ನಲ್ಲಿ ಟ್ಯೂನ್ ಮಾಡುವ ಗುಂಡಿಗಳು ಬ್ರಿಜ್ ಹಿಂದೆ ಇರುತ್ತವೆ. ಇದಕ್ಕೆ ಎರಡು ತುದಿಯಲ್ಲೂ ಗುಂಡು ಇರುವ ಡಬಲ್ ಬಾಲ್ ತಂತಿ ಬೇಕು. ಡಿ'ಆಡಾರಿಯೊ, ಲಾ ಬೆಲ್ಲಾ ಇಂಥವು ಮಾಡುತ್ತವೆ. ಆದರೆ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ, ಎರಡು ಸೆಟ್ ಜಾಸ್ತಿ ಇಟ್ಟುಕೊಳ್ಳಿ. ಭಾರತದಲ್ಲಿ ಇರುವವರಾದರೆ ನಾಲ್ಕು. ನೋಡಲು ಹೋಗುವಾಗ ಒಯ್ಯುವ ಸೆಟ್ಟೂ ಇದೇ ಆಗಿರಬೇಕು. ಸ್ಟೇಟಸ್‌ನ ತಲೆ ಇಲ್ಲದ ಬೇಸ್‌ಗಳಲ್ಲಿ ಮಾಮೂಲಿ ತಂತಿಯ ತುದಿಯನ್ನು ಸ್ಕ್ರೂಗಳಿಂದ ಬಿಗಿಯುತ್ತಾರೆ. ಆ ಸ್ಕ್ರೂ ತಲೆಗಳು ಸವೆದಿವೆಯಾ ನೋಡಿ.

ನಾಲ್ಕೂ ಗುಂಡಿಗಳನ್ನು ಒಂದೊಂದಾಗಿ ಪೂರ್ತಿ ಸಡಿಲ ಮಾಡಿ, ಮತ್ತೆ ಪೂರ್ತಿ ಬಿಗಿ ಮಾಡಿ. ನಡುವೆ ಎಲ್ಲಾದರೂ ಸಿಕ್ಕಿಕೊಂಡರೆ ಅಥವಾ ಸರಕ್ಕನೆ ಜಾರಿದರೆ ಒಳಗಿನ ಸ್ಕ್ರೂವಿನ ಮರೆ ಸವೆದಿದೆ. ಬರೀ ಗಟ್ಟಿ ಇದ್ದರೆ ಹೆದರಬೇಡಿ, ವರ್ಷಗಳ ಧೂಳು. ಬಿಚ್ಚಿ ಒರೆಸಿ ಒಂದು ತೊಟ್ಟು ಎಣ್ಣೆ ಹಾಕಿದರೆ ಸರಿಹೋಗುತ್ತದೆ. ಕೆಳಗೆ ತೊಡೆಯ ಮೇಲೆ ಇಡಲು ಮಡಚುವ ಕಾಲು, ಹಿಂದೆ ಬೆಲ್ಟ್ ಹಾಕಲು ತಿರುಗುವ ಪ್ಲೇಟ್ ಇರುತ್ತದೆ. ಎರಡನ್ನೂ ಅಲ್ಲಾಡಿಸಿ ನೋಡಿ. ಇವುಗಳ ಒರಿಜಿನಲ್ ಬಿಡಿಭಾಗ ಬೇಕೆಂದಾಗ ಸಿಗುವುದಿಲ್ಲ.

ಮರದ ಬಾಡಿಗೆ ಬೋಲ್ಟ್ ಹಾಕಿದ ನೆಕ್ ಆದರೆ, ಬೋಲ್ಟ್ ಸುತ್ತ ಬಾಡಿಯ ಬಣ್ಣ ಬಿರುಕು ಬಿಟ್ಟಿದೆಯಾ, ನೆಕ್ ಹಿಡಿದು ಮೆಲ್ಲಗೆ ಪಕ್ಕಕ್ಕೆ ಒತ್ತಿದರೆ ಅಲುಗುತ್ತದಾ ನೋಡಿ.

ಒಳಗಿನ ವೈರಿಂಗ್

ಎಕ್ಸ್‌ಎಲ್2ನಲ್ಲಿ ಇರುವುದು ಇಎಂಜಿ ಕಂಪನಿಯ ಆ್ಯಕ್ಟಿವ್ ಪಿಕಪ್. 9 ವೋಲ್ಟ್ ಬ್ಯಾಟರಿ ಇಲ್ಲದೆ ದನಿ ಬರುವುದಿಲ್ಲ. ಎಷ್ಟೋ ಬೇಸ್‌ಗಳು ಬ್ಯಾಟರಿ ಸಮೇತ ವರ್ಷಗಟ್ಟಲೆ ಕೇಸ್‌ನಲ್ಲಿ ಮಲಗಿರುತ್ತವೆ. ಮುಚ್ಚಳ ತೆಗೆದಾಗ ಹಸಿರು, ಬಿಳಿ ಪುಡಿ ಕಂಡರೆ ಬ್ಯಾಟರಿ ಸೋರಿದೆ. ಕ್ಲಿಪ್ ಒಂದೇ ಹಾಳಾಗಿದ್ದರೆ ಬದಲಿಸುವುದು ಐದು ನಿಮಿಷದ ಕೆಲಸ. ವೈರ್ ಒಳಗೂ ಹಸಿರು ಹತ್ತಿದ್ದರೆ ಜಾಸ್ತಿ. ನೀವು ತಂದ ಬ್ಯಾಟರಿ ಹಾಕಿ, ಒಂದೊಂದೇ ಪಿಕಪ್ ಕೇಳಿ. ಗುಂಡಿ ತಿರುಗಿಸುವಾಗ ಚರಚರ ಅಂದರೆ ಕ್ಲೀನರ್ ಸ್ಪ್ರೇ ಸಾಕು. ಗುಂಡಿ ಬದಲಿಸಲೇಬೇಕಾದರೆ ಇಎಂಜಿಗೆ 25 ಕಿಲೋ-ಓಮ್‌ನದ್ದೇ ಬೇಕು. ಮಾಮೂಲಿ 250 ಹಾಕಿದರೆ ಗುಂಡಿ ಸ್ವಿಚ್ ತರಹ ಆಗಿಬಿಡುತ್ತದೆ.

ಹಳೆಯ ಅಮೆರಿಕನ್ ಬೇಸ್‌ಗಳಲ್ಲಿ ಗುಂಡಿಯ ಕೆಳಗಿನ ಪಾಟ್ (ದನಿ ಏರಿಸಿ ಇಳಿಸುವ ಬಿಡಿಭಾಗ) ಮೇಲೆ ಎಷ್ಟೋ ಸಲ ಏಳು ಅಂಕಿ ಒತ್ತಿರುತ್ತಾರೆ. 1378312 ಅಂತ ಇದ್ದರೆ 137 ಅಂದರೆ ಸಿಟಿಎಸ್ ಕಂಪನಿ, 83 ಅಂದರೆ 1983, 12 ಅಂದರೆ ಆ ವರ್ಷದ ಹನ್ನೆರಡನೇ ವಾರ. ವಾದ್ಯ ಅದಕ್ಕಿಂತ ಮೊದಲಿನದ್ದಾಗಲು ಸಾಧ್ಯವಿಲ್ಲ, ಪಾಟ್ ಆಮೇಲೆ ಬದಲಿಸಿರದಿದ್ದರೆ. ಕಟ್ಲಸ್ ಅಂತ ಮಾರುತ್ತಿರುವ ಬೇಸ್‌ನಲ್ಲಿ ತಾರೀಕು ತಾಳೆಯಾಗದಿದ್ದರೆ ಒಂದು ಪ್ರಶ್ನೆ ಕೇಳಲೇಬೇಕು. ಮಾಮೂಲಿ ಮ್ಯೂಸಿಕ್ ಮ್ಯಾನ್ ಬಾಡಿಗೆ ಬೇರೆ ಗ್ರಾಫೈಟ್ ನೆಕ್ ಆಮೇಲೆ ಹಾಕಿಸಿದ್ದೂ ಇರಬಹುದು. ಮೋಸಸ್ ಕಂಪನಿ ಇಂಥ ಬಿಡಿ ನೆಕ್‌ಗಳನ್ನೇ ಮಾಡಿ ಮಾರುತ್ತಿತ್ತು. ನುಡಿಸಲು ಅದೂ ಚೆನ್ನಾಗಿರುತ್ತದೆ. ಒರಿಜಿನಲ್ ಬೆಲೆ ಮಾತ್ರ ಕೊಡಬೇಡಿ.

ಬೆಲೆ

ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಈಬೇನಲ್ಲಿ ಮಾರಾಟ ಮುಗಿದ ವಸ್ತುಗಳನ್ನು ಮಾತ್ರ ತೋರಿಸು ಅನ್ನುವ ಆಯ್ಕೆ ಇದೆ. ಅದೇ ಮಾದರಿಯ ಮೂರು ನಾಲ್ಕು ಮಾರಾಟ ಬರೆದಿಟ್ಟುಕೊಂಡು ಹೋದರೆ ಮಾತಾಡಲು ಧೈರ್ಯ ಇರುತ್ತದೆ. ಗೀರು, ಬಣ್ಣ ಹೋದದ್ದು ಇದ್ದರೆ ನಿಮಗೇ ಲಾಭ. ನುಡಿಸಲು ಅದರಿಂದ ಏನೂ ತೊಂದರೆ ಇಲ್ಲ, ಬೆಲೆ ಇಳಿಯುತ್ತದೆ.

ಊರಿಗೆ ತರುವುದಾದರೆ

ಭಾರತಕ್ಕೆ ಕೊರಿಯರ್‌ನಲ್ಲಿ ತರಿಸುವ ಮೊದಲು ಒಬ್ಬ ಕಸ್ಟಮ್ಸ್ ಏಜೆಂಟ್ ಹತ್ತಿರ ಮಾತಾಡಿ. ಬಳಸಿದ ವಸ್ತುಗಳ ಆಮದಿಗೆ ನಮ್ಮಲ್ಲಿ ನಿರ್ಬಂಧ ಇದೆ. ಸುಂಕವನ್ನೂ ವಾದ್ಯದ ಬೆಲೆಯ ಮೇಲಷ್ಟೇ ಅಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಕೈಯಲ್ಲಿ ತರುವವರು ರಸೀದಿ ಜೊತೆಗಿಟ್ಟುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬೋರ್ಡ್ ಬ್ರೆಜಿಲಿಯನ್ ರೋಸ್‌ವುಡ್ ಆದರೆ ದೇಶ ದಾಟಿಸಲು ಬೇರೆ ಕಾಗದಪತ್ರ ಬೇಕು. ಫೀನಾಲಿಕ್‌ಗೆ ಆ ರಗಳೆ ಇಲ್ಲ. ಗಟ್ಟಿ ಕೇಸ್‌ನಲ್ಲೇ ಇಡಿ. ಬ್ಯಾಟರಿ ತೆಗೆಯಿರಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ತೇವಕ್ಕೆ ಜಗ್ಗದಿದ್ದರೂ ಎಪಾಕ್ಸಿಗೆ ಜಾಸ್ತಿ ಬಿಸಿ ಒಳ್ಳೆಯದಲ್ಲ.

ಮನೆಗೆ ತಂದ ದಿನವೇ ಒಂದು ಚೀಟಿಯಲ್ಲಿ ತಾರೀಕು, ತಂತಿ ಗೇಜ್, ರಿಲೀಫ್ ಅಳತೆ ಬರೆದು ಕೇಸ್ ಒಳಗಿಡಿ. ನನ್ನ ಎಕ್ಸ್‌ಎಲ್2 ಕೇಸ್‌ನಲ್ಲೂ ಅಂಥ ಚೀಟಿ ಇದೆ. ಕೊಂಡ ದಿನದ ಸಾಲಿನಲ್ಲಿ 0.30 ಅಂತಿದೆ. ಹೋದ ಜುಲೈನಲ್ಲಿ ಅದನ್ನು ಉಡುಪಿಗೆ ಒಯ್ದಿದ್ದೆ. ಮೂರು ವಾರ ಬಿಡದೆ ಮಳೆ, ಒಣಗಲು ಹಾಕಿದ ಬಟ್ಟೆಗೆಲ್ಲ ಬೂಸಲು ವಾಸನೆ. ಹೊರಡುವ ಹಿಂದಿನ ದಿನ ಚಾವಡಿಯಲ್ಲಿ ಕೂತು ಕೇಪೊ ಹಾಕಿ, ಅಪ್ಪನ ಹಳೇ ಸ್ಕೂಟರ್‌ನ ಟೂಲ್ ಡಬ್ಬದಲ್ಲಿದ್ದ ಫಿಲ್ಲರ್ ಗೇಜ್ ತೂರಿಸಿದೆ. ಎರಡನೇ ಸಾಲಿನಲ್ಲೂ 0.30 ಅಂತಲೇ ಬರೆದೆ.